ಹಗ್ಗ ತಂದರು, ಕಥೆ ಮರೆತರು

ಎಸಿ ಡಕ್ಟ್ ಒಳಗೆ ಅವಳಿ ಅಣ್ಣತಮ್ಮಂದಿರಿಬ್ಬರು ತೆವಳಿಕೊಂಡು ಹೋಗುತ್ತಿರುತ್ತಾರೆ. ಒಬ್ಬನ ಹತ್ತಿರ ಹಗ್ಗ ಇದೆ. ಸಿನಿಮಾ ಹೀರೋಗಳ ಹತ್ತಿರ ಹಗ್ಗ ಇರುತ್ತೆ ಅಂತ ಅವನೂ ತಂದಿದ್ದಾನೆ. ಜಗಳ ಜೋರಾಗಿ, ಡಕ್ಟ್ ಕಿತ್ತುಕೊಂಡು ಇಬ್ಬರೂ ಕೆಳಗೆ ಬೀಳುತ್ತಾರೆ. ಅದೇ ಹಗ್ಗಕ್ಕೆ ಸಿಕ್ಕಿ, ತಲೆಕೆಳಗಾಗಿ ನೇತಾಡುತ್ತಾ, ಗಿರಗಿರ ತಿರುಗುತ್ತಲೇ ರೂಮಿನಲ್ಲಿರುವ ರಷ್ಯನ್ ರೌಡಿಗಳನ್ನೆಲ್ಲಾ ಗುಂಡು ಹೊಡೆದು ಮುಗಿಸುತ್ತಾರೆ.

1999ರ ಹಾಲಿವುಡ್ ಸಿನಿಮಾ 'ದಿ ಬೂನ್‌ಡಾಕ್ ಸೇಂಟ್ಸ್' ಅಭಿಮಾನಿಗಳಿಗೆ ಪ್ರಾಣವಾದ ಸೀನ್ ಇದು. ಮೊದಲ ಸಲ ಗೆಳೆಯರ ಜೊತೆ ನೋಡಿದಾಗ ನಾನೂ ಚಪ್ಪಾಳೆ ಹೊಡೆದಿದ್ದೆ. ಮೊನ್ನೆ ಒಬ್ಬನೇ ಕೂತು ಮತ್ತೆ ನೋಡಿದೆ, ನಿಜವಾಗಿಯೂ ಬೇಜಾರಾಯಿತು. ಆ ಹಗ್ಗದ ಥರಾನೇ ಇಡೀ ಸಿನಿಮಾ ಬೇರೆ ಸಿನಿಮಾಗಳಿಂದ ಎತ್ತಿಕೊಂಡು ಬಂದಿದ್ದು ಅನ್ನಿಸಿತು. ಅದರಲ್ಲೂ ಜಾಸ್ತಿ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೋ ಅಂಗಡಿಯಿಂದ.

ಇದಕ್ಕೊಂದು ಹಿನ್ನೆಲೆ ಇದೆ. 1994ರಲ್ಲಿ ಟ್ಯಾರಂಟಿನೋ ಅವರ 'ಪಲ್ಪ್ ಫಿಕ್ಷನ್' ಬಂತು. ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು, ಸುಮಾರು 80 ಲಕ್ಷ ಡಾಲರ್ ಹಾಕಿ ತೆಗೆದ ಸಿನಿಮಾ 20 ಕೋಟಿ ಡಾಲರ್‌ಗೂ ಮೀರಿ ದುಡಿಯಿತು. ಅಷ್ಟು ದುಡ್ಡು ಕಂಡ ಮೇಲೆ ನಿರ್ಮಾಪಕರು ಸುಮ್ನೆ ಇರುತ್ತಾರಾ? ಆಮೇಲಿನ ಐದಾರು ವರ್ಷ ಎಲ್ಲಿ ನೋಡಿದರೂ ಬಾಯಿಬಡುಕ ಹಂತಕರು, ಹಿಂದುಮುಂದಾದ ಕಥೆ, ಹೆಣ ಬೀಳುವಾಗ ಹಿನ್ನೆಲೆಯಲ್ಲಿ ಹಳೆಯ ಹಾಡು.

ನಕಲು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಟ್ಯಾರಂಟಿನೋ ಏನು ಕಡಿಮೆಯಾ? ಅವರ 1992ರ 'ರಿಸರ್ವಾಯರ್ ಡಾಗ್ಸ್' ನೋಡಿದವರು ರಿಂಗೋ ಲ್ಯಾಮ್ ಅವರ 1987ರ ಹಾಂಗ್‌ಕಾಂಗ್ ಸಿನಿಮಾ 'ಸಿಟಿ ಆನ್ ಫೈರ್' ನೋಡಿದರೆ ಗೊತ್ತಾಗುತ್ತದೆ, ಯಾವುದು ಎಲ್ಲಿಂದ ಬಂತು ಅಂತ. ಆದರೆ ತಂದಿದ್ದಕ್ಕೆ ಅವರು ಒಂದು ಕೆಲಸ ಕೊಡುತ್ತಾರೆ.

ಪಲ್ಪ್ ಫಿಕ್ಷನ್‌ನ ಆ ಕಾರಿಡಾರ್ ಸೀನ್ ನೆನಪಿದೆ ಅಲ್ವಾ? ಜೂಲ್ಸ್, ವಿನ್ಸೆಂಟ್ ಕೊಲೆಗೆ ಅಂತ ಹೊರಟಿದ್ದಾರೆ, ಆದರೆ ಮಾತೆಲ್ಲಾ ಕಾಲು ಒತ್ತುವುದರ ಬಗ್ಗೆ. ಬಾಗಿಲ ಹತ್ತಿರ ಬಂದು ನಿಂತು, ಇನ್ನೂ ಟೈಮ್ ಆಗಿಲ್ಲ ಅಂತ ಪಕ್ಕಕ್ಕೆ ಸರಿದು ಮಾತು ಮುಂದುವರಿಸುತ್ತಾರೆ. ಕ್ಯಾಮೆರಾ ಮಾತ್ರ ಅವರ ಹಿಂದೆ ಹೋಗದೆ ಬಾಗಿಲ ಹತ್ತಿರವೇ ಉಳಿಯುತ್ತದೆ. ಮೇಲ್ನೋಟಕ್ಕೆ ಇದು ಹರಟೆ. ಕೇಳುತ್ತಾ ಹೋದರೆ ಬಾಸ್‌ನ ಹೆಂಡತಿಯ ಕಾಲು ಒತ್ತಿದ ಅನ್ನೋ ಕಾರಣಕ್ಕೆ ಒಬ್ಬನನ್ನು ನಾಲ್ಕನೇ ಮಹಡಿಯಿಂದ ಎಸೆದರು ಅನ್ನುವ ಸುದ್ದಿ ಬರುತ್ತದೆ. ಅದೇ ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋಗುವ ಕೆಲಸ ಈಗ ವಿನ್ಸೆಂಟ್‌ನ ತಲೆಗೆ ಬಂದಿದೆ! ಮುಂದೆ ಅವರಿಬ್ಬರು ಎದುರುಬದುರು ಕೂತು ಊಟ ಮಾಡುವಾಗ, ಡಾನ್ಸ್ ಮಾಡುವಾಗ ನಮ್ಮ ಹೊಟ್ಟೆಯಲ್ಲಿ ಒಂದು ಅಳುಕು ಇರುತ್ತದಲ್ಲ, ಅದನ್ನು ಇಟ್ಟಿದ್ದು ಈ ಹರಟೆ.

ಕಥೆ ಹಿಂದುಮುಂದು ಮಾಡಿದ್ದೂ ಹಾಗೇ. ವಿನ್ಸೆಂಟ್ ಸಾಯುವುದನ್ನು ನಾವು ನಡುವಿನಲ್ಲೇ ನೋಡಿರುತ್ತೇವೆ. ಕೊನೆಗೆ ಹೋಟೆಲ್‌ನಲ್ಲಿ ಜೂಲ್ಸ್ ಈ ದಂಧೆ ಬಿಡುತ್ತೇನೆ ಅಂದಾಗ, ಎದುರಿಗೆ ಕೂತು ನಗುತ್ತಿರುವ ವಿನ್ಸೆಂಟ್‌ಗೆ ಏನಾಗಲಿದೆ ಅಂತ ನಮಗೆ ಗೊತ್ತು. ಕಥೆಯನ್ನು ಸಾಲಾಗಿ ಹೇಳಿದ್ದರೆ ಆ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಈಗ 1995ರ 'ಥಿಂಗ್ಸ್ ಟು ಡು ಇನ್ ಡೆನ್ವರ್ ವೆನ್ ಯು ಆರ್ ಡೆಡ್' ತಗೊಳ್ಳಿ. ಸಾಯುತ್ತಿರುವವರು ಮನೆಯವರಿಗೆ ಬಿಟ್ಟು ಹೋಗುವ ಮಾತುಗಳನ್ನು ವಿಡಿಯೋ ಮಾಡಿಕೊಡುವ ಮಾಜಿ ರೌಡಿ ಅದರ ನಾಯಕ. ಎಂಥ ಒಳ್ಳೆ ಪಾತ್ರ! ಆದರೆ ಸಿನಿಮಾ ಅದನ್ನು ಪಕ್ಕಕ್ಕಿಟ್ಟು ಗಿಮಿಕ್ ಮಾತುಗಳ ಹಿಂದೆ ಓಡುತ್ತದೆ. ಪಾತ್ರಗಳೆಲ್ಲಾ ಒಬ್ಬನೇ ಬರೆದುಕೊಟ್ಟ ಥರ ಮಾತಾಡುತ್ತವೆ, ಒಂದೇ ಸಂಕೇತದ ಪದಗಳನ್ನು ಮತ್ತೆ ಮತ್ತೆ ಹೇಳುತ್ತವೆ, ಮುಂದೆ ಕಲ್ಟ್ ಆಗಲಿ ಅಂತ ಈಗಲೇ ಬರೆದಿಟ್ಟ ಹಾಗೆ.

ಬೂನ್‌ಡಾಕ್ ಸೇಂಟ್ಸ್ ವಿಷಯದಲ್ಲಿ ಜನರ ಪ್ರೀತಿಗೆ ಕಾರಣ ಸಿನಿಮಾಗಿಂತ ಅದರ ಹಿಂದಿನ ಕಥೆ ಅನ್ನೋದು ನನ್ನ ಗುಮಾನಿ. ನಿರ್ದೇಶಕ ಟ್ರಾಯ್ ಡಫಿ ಮೊದಲು ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಸ್ಕ್ರಿಪ್ಟ್ ಕೊಂಡ ಸಿನಿಮಾ ಕಂಪನಿ ಮಿರಾಮ್ಯಾಕ್ಸ್ ಆಮೇಲೆ ಕೈಬಿಟ್ಟಿತು. ಅಮೆರಿಕದಲ್ಲಿ ಬರೀ 5 ಥಿಯೇಟರ್‌ಗಳಲ್ಲಿ ಬಿಡುಗಡೆಯಾಗಿ ಸುಮಾರು 30 ಸಾವಿರ ಡಾಲರ್ ಗಳಿಸಿತು, ಅಷ್ಟೇ. ಆಮೇಲೆ ವಿಡಿಯೋದಲ್ಲಿ ಎದ್ದು ನಿಂತಿತು. ಸೋತು ಗೆದ್ದವರನ್ನು ಕಂಡರೆ ಯಾರಿಗೆ ಇಷ್ಟ ಆಗಲ್ಲ ಹೇಳಿ. ಆದರೆ ಆ ಗೆಲುವನ್ನು ಸಿನಿಮಾದ ಗುಣ ಅಂತ ತಿಳಿಯುವುದು ತಪ್ಪು.

ವಿಲೆಮ್ ಡಫೋ ಮಾತ್ರ ಅದ್ಭುತ, ಅದನ್ನು ಹೇಳದೆ ಇರಲಾರೆ. ಎಫ್‌ಬಿಐ ಅಧಿಕಾರಿಯಾಗಿ, ಕಿವಿಗೆ ಹೆಡ್‌ಫೋನ್ ಹಾಕಿ ಒಪೆರಾ ಕೇಳುತ್ತಾ ಕೊಲೆ ನಡೆದ ಜಾಗದಲ್ಲಿ ಓಡಾಡುವಾಗ ಬೇರೆ ಯಾರ ಕಡೆಗೂ ಕಣ್ಣು ಹೋಗಲ್ಲ. ಒಂದು ಕಡೆ ಗುಂಡಿನ ಚಕಮಕಿಯನ್ನು ವಿವರಿಸುತ್ತಾ ತಾನೇ ಅದರ ನಡುವೆ ನಿಂತು, ಸಂಗೀತಕ್ಕೆ ತಾಳ ಹಾಕುವವರ ಥರ ಕೈ ಬೀಸುತ್ತಾರೆ. ಆ ಎರಡು ನಿಮಿಷಕ್ಕೆ ನಾನು ಶರಣು. ಆದರೆ ಕೊಲೆಗೆ ಮುಂಚೆ ಕಥೆ ನಿಲ್ಲಿಸಿ, ತನಿಖೆ ತೋರಿಸಿ, ಆಮೇಲೆ ಕೊಲೆ ತೋರಿಸುವ ಆಟ ಮೂರನೇ ಸಲಕ್ಕೇ ಸವೆದು ಹೋಗುತ್ತದೆ. ಹೊಸದೇನೂ ಗೊತ್ತಾಗಲ್ಲ.

ದೊಡ್ಡ ಕೊರತೆ ಬೇರೆಯೇ ಇದೆ. ಕೆಟ್ಟವರನ್ನು ಕೊಲ್ಲುವುದು ದೇವರೇ ಕೊಟ್ಟ ಕೆಲಸ ಅಂತ ಆ ಅಣ್ಣತಮ್ಮ ನಂಬಿದ್ದಾರೆ. ಅದು ಸರಿಯಾ? ಇಡೀ ಸಿನಿಮಾದಲ್ಲಿ ಆ ಪ್ರಶ್ನೆ ಅವರ ನಿದ್ದೆ ಕೆಡಿಸುವುದಿಲ್ಲ. ಕೊನೆಗೆ, ಹೆಸರುಗಳು ಬರುವ ಹೊತ್ತಿಗೆ, ಟಿವಿಯವರು ಮೈಕ್ ಹಿಡಿದು ದಾರಿಹೋಕರನ್ನು ಅದೇ ಪ್ರಶ್ನೆ ಕೇಳುತ್ತಾರೆ. ಒಬ್ಬರು ಸರಿ ಅನ್ನುತ್ತಾರೆ, ಇನ್ನೊಬ್ಬರು ತಪ್ಪು ಅನ್ನುತ್ತಾರೆ. ಉತ್ತರ ಕೊಡಬೇಕಾದ ಆ ಇಬ್ಬರು ಆಗಲೇ ತೆರೆಯಿಂದ ಹೋಗಿಯಾಗಿದೆ.