"ಕಾಡಲ್ಲಿ ಆನೆಗೆ ಊಟ ಇಲ್ವಾ?" ಬರೆದಿಟ್ಟಿದ್ದೇನೆ, ಇನ್ನು ಲಿಂಕ್ ಕಳಿಸ್ತೀನಿ

ಕಾಡಾನೆ ಏನು ತಿನ್ನುತ್ತದೆ, ತಿಂದದ್ದರಲ್ಲಿ ಮೈಗೆ ಹತ್ತುವುದೆಷ್ಟು, ಮೈ ಸೊರಗಿದಾಗ ಒಳಗೆ ಏನಾಗುತ್ತದೆ. ಇದು ನನ್ನ ಸಂಶೋಧನೆ, ಸಂಬಳ ಬರುವುದೂ ಇದಕ್ಕೇ. ಬೆಂಗಳೂರಿನಲ್ಲಿ ಯಾರಿಗೆ ಇದನ್ನು ಹೇಳಿದರೂ ಬರುವ ಪ್ರಶ್ನೆ ಒಂದೇ. "ಪಾಪ, ಕಾಡಲ್ಲಿ ಅವಕ್ಕೆ ಊಟ ಇಲ್ಲ, ಅದಕ್ಕೇ ಊರಿಗೆ ಬರ್ತವೆ, ಅಲ್ವಾ?" ಆಟೋದವರು ಕೇಳಿದ್ದಾರೆ, ಬ್ಯಾಂಕಿನವರು ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ ಆಮೇಲೆ ಕೇಳಿದ್ದಾರೆ.

ಅಲ್ಲ. ರಾಗಿ ಚೆನ್ನಾಗಿರುತ್ತದೆ, ಅದಕ್ಕೆ ಬರುತ್ತವೆ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಕೇಳುವವರು ಉತ್ತರ ಜೇಬಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನಾನು ತಲೆ ಆಡಿಸಬೇಕು, ಅವರು ಲೊಚಗುಟ್ಟಬೇಕು, ಅಷ್ಟೇ.

ರಾಜಾಜಿನಗರದಲ್ಲಿ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕದ ಎಲೆಗೆ ದೂರದ ಸಂಬಂಧದ ಮಾವ ಒಬ್ಬರು. ಕೋಸಂಬರಿ ಬರುವಷ್ಟರಲ್ಲಿ ಪ್ರಶ್ನೆ ಬಂತು. ಅನ್ನ ಬರುವಷ್ಟರಲ್ಲಿ ಪರಿಹಾರವೂ ಬಂತು. "ಹೆಲಿಕಾಪ್ಟರಲ್ಲಿ ಹಲಸಿನ ಬೀಜ ಚೆಲ್ಲಿಸಿಬಿಡಿ ಅಮ್ಮ, ಆನೆ ಆಚೆ ಬರೋದೇ ಇಲ್ಲ." 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಅಷ್ಟಕ್ಕೂ ಹಲಸು ಬೆಳೆಯಲು ಯಾವ ಕಾಡು ಸಾಕು? ಅದಿರಲಿ, ಕೊಡಗಿನ ಕಾಫಿ ತೋಟಗಳಿಗೆ ಆನೆ ನುಗ್ಗಲು ಹಲಸೇ ಒಂದು ಕಾರಣ. ಇದನ್ನೆಲ್ಲ ಹೇಳಿದೆ. ಮಾವ ಕೇಳಿಸಿಕೊಳ್ಳಲಿಲ್ಲ, ಹೋಳಿಗೆ ಬಂದಿತ್ತು. ಅನ್ನ, ಹುಳಿ, ಸಾರು ಎಲ್ಲ ಮುಗಿಸಿದ್ದವರು ಮೂರನೇ ಹೋಳಿಗೆ ಹಾಕಿಸಿಕೊಂಡು ತುಪ್ಪಕ್ಕೆ ಕೈ ತೋರಿಸಿದರು. ನಾನು ಕೇಳಿಯೇಬಿಟ್ಟೆ. "ಪಾಪ, ಮಾವ, ಮನೇಲಿ ಊಟ ಇರ್ಲಿಲ್ವಾ?"

ಅತ್ತೆ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಆದರೆ ವಿಜ್ಞಾನದ ಮಟ್ಟಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ಆನೆ ಮೆಲುಕು ಹಾಕುವ ಪ್ರಾಣಿಯಲ್ಲ. ಮೆಲುಕು ಹಾಕುವ ಕಾಟಿಯ (ಕಾಡುಕೋಣದ) ಸಗಣಿ ನೋಡಿ, ದನದ್ದರ ಹಾಗೆ ನುಣ್ಣಗಿರುತ್ತದೆ. ಆನೆಯ ಲದ್ದಿ ಮುರಿದರೆ ಬೆರಳುದ್ದದ ಬಿದಿರಿನ ಸೀಳು, ತೊಗಟೆಯ ನಾರು, ಒಮ್ಮೊಮ್ಮೆ ಇಡೀ ಬೀಜ ಸಿಗುತ್ತದೆ. ತಿಂದದ್ದರಲ್ಲಿ ಅರ್ಧವೂ ಜೀರ್ಣವಾಗುವುದಿಲ್ಲ. ಅದಕ್ಕೇ ದೊಡ್ಡ ಆನೆಯೊಂದು ದಿನಕ್ಕೆ 150 ಕೆಜಿವರೆಗೆ ಮೇಯಬೇಕು, ದಿನದ ಬಹುಪಾಲು ಬಾಯಾಡಿಸುತ್ತಲೇ ಇರಬೇಕು. ಹೊಟ್ಟೆ ತುಂಬಿಸಲು ಕಾಡಿನಲ್ಲಿ ಸೊಪ್ಪು, ತೊಗಟೆ ಇದ್ದೇ ಇದೆ. ತಾಪತ್ರಯ ಗುಣಮಟ್ಟದ್ದು. ಮಳೆಗಾಲದಲ್ಲಿ ಎಳೆಯದಾಗಿದ್ದ ಹುಲ್ಲು ನವೆಂಬರ್ ಹೊತ್ತಿಗೆ ಆಳೆತ್ತರ ಬೆಳೆದು ಒರಟಾಗುತ್ತದೆ. ನಾರು ಜಾಸ್ತಿ, ಪ್ರೊಟೀನ್ ಕಮ್ಮಿ. ಸರಿಯಾಗಿ ಅದೇ ಹೊತ್ತಿಗೆ ಕನಕಪುರ, ಆನೇಕಲ್ ಕಡೆ ರಾಗಿ ತೆನೆ ಹಾಲುಗಟ್ಟಿರುತ್ತದೆ. ಕಾಡಿನ ಹುಲ್ಲಿಗೆ ಹೋಲಿಸಿದರೆ ಇಂಥ ಬೆಳೆಗಳಲ್ಲಿ ಪ್ರೊಟೀನ್, ಕ್ಯಾಲ್ಸಿಯಂ, ಸೋಡಿಯಂ ಎಲ್ಲ ಜಾಸ್ತಿ. ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಒಂದೇ ಕಡೆ ರಾಶಿಯಾಗಿ ನಿಂತಿರುತ್ತದೆ. ಬನ್ನೇರುಘಟ್ಟದ ಅಂಚಿನಲ್ಲಿ ನಿಂತ ಸಲಗ ಬೇರೆ ಏನು ಮಾಡಬೇಕು ಅಂತೀರಿ?

ಮಾವ ನಂಬದ ಇನ್ನೊಂದು ವಿಷಯವಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಅಂಶ ಅಳೆದು 2019ರಲ್ಲಿ ಪ್ರಕಟಿಸಿದರು. ಬೆಳೆ ತಿನ್ನುವ ಆನೆಗಳಲ್ಲಿ ಆ ಅಂಶ ಕಾಡಿನಲ್ಲೇ ಇರುವ ಆನೆಗಳಿಗಿಂತ ಕಮ್ಮಿ ಇತ್ತು. ಪಟಾಕಿ, ತಮಟೆ, ಟಾರ್ಚು, ಬೊಬ್ಬೆ ಇದ್ದರೂ ಹೀಗೆ. ಒಳ್ಳೆಯ ಊಟವೇ ಇದಕ್ಕೆ ಕಾರಣ ಇರಬಹುದು ಅನ್ನುವುದು ಅವರ ಅಂದಾಜು.

ಇದನ್ನು ಹೇಳಿದ ತಕ್ಷಣ ಇನ್ನೊಂದು ಪಂಗಡ ಎದ್ದು ನಿಲ್ಲುತ್ತದೆ. "ಹಾಗಾದ್ರೆ ಕಾಡು ಚೆನ್ನಾಗೇ ಇದೆ ಅಂತೀರಾ?" ನಾನು ಹಾಗೆ ಎಲ್ಲಿ ಹೇಳಿದೆ? ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಅನ್ನುವ ಕಳೆ ಪೊದೆ ಹಬ್ಬಿ ಹುಲ್ಲಿನ ಜಾಗ ನುಂಗಿದೆ. ಆನೆಗೆ ಅದು ಮೇವಲ್ಲ. ಆನೆ ಓಡಾಡುವ ದಾರಿಗಳು ಮುಚ್ಚಿಹೋಗಿವೆ. ಅದೆಲ್ಲ ನಿಜ. ಆದರೆ ನಾಳೆ ಲಂಟಾನ ಪೂರ್ತಿ ಕಿತ್ತರೂ ರಾಗಿಯ ರುಚಿ ಕಂಡ ಸಲಗ ಬರುತ್ತದೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಹೊಲ ಕಾಯುವ ರೈತರಿಗೆ ಇದನ್ನು ವಿವರಿಸುವ ಕೆಲಸವೇ ನನಗೆ ಬಿದ್ದಿಲ್ಲ. ಅವರು 'ಪಾಪ' ಅನ್ನುವುದೂ ಇಲ್ಲ.

ಹೊಲಕ್ಕೆ ನುಗ್ಗುವುದು ಹೆಚ್ಚಾಗಿ ಗಂಡಾನೆ. ಮೈ ಬೆಳೆದಷ್ಟೂ ಇನ್ನೊಂದು ಗಂಡಿನ ಎದುರು ಬಲ, ಮದಕ್ಕೆ ಬರಬೇಕಾದರೂ ಮೈಯಲ್ಲಿ ಕಸುವು ಬೇಕು. ಹಾಗಾಗಿ ಅಪಾಯಕ್ಕೆ ಹೆದರುವುದಿಲ್ಲ. ಇಲ್ಲಿಗೆ ಬಂದಾಗ ಯಾರಾದರೂ "ಹೆಣ್ಣಾನೆ ಏನು ಮಾಡುತ್ತೆ?" ಅಂತ ಕೇಳಬೇಕಲ್ವಾ? ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಸುಮಾರು 22 ತಿಂಗಳು ಹೊಟ್ಟೆಯಲ್ಲಿ ಹೊತ್ತು, ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಹಾಲು ಕೊಡುವ ಪ್ರಾಣಿ ಅದು. ಏನೇ ಮಾಡಿದರೂ ಒಂದಲ್ಲ ಒಂದು ಬೇಸಿಗೆ ಆ ಲೆಕ್ಕದೊಳಗೆ ಬಂದೇ ಬರುತ್ತದೆ. ಮಾರ್ಚಿನಲ್ಲಿ ಹುಲ್ಲು ಒಣಗಿ ಕಡ್ಡಿಯಾದಾಗ ಮರಿ ಕಟ್ಟಿಕೊಂಡು ಹೊಲಕ್ಕೆ ನುಗ್ಗುವಂತಿಲ್ಲ. ತೊಗಟೆ ಸುಲಿಯುತ್ತದೆ, ಬಿದಿರು ಮುರಿಯುತ್ತದೆ. ಕಬಿನಿ ಹಿನ್ನೀರು ಇಳಿದ ಜಾಗದಲ್ಲಿ ಹೊಸ ಹುಲ್ಲು ಚಿಗುರಿದಾಗ ಹಿಂಡು ಹಿಂಡಾಗಿ ಅಲ್ಲಿಗೆ ಬರುತ್ತವೆ. ಕಾಲಲ್ಲಿ ಒದ್ದು ಗಿಡ್ಡ ಹುಲ್ಲು ಕಿತ್ತು, ಸೊಂಡಿಲಲ್ಲಿ ಎತ್ತಿ ಮುಂಗಾಲಿಗೆ ಬಡಿದು, ಮಣ್ಣು ಉದುರಿಸಿ ಬಾಯಿಗಿಡುತ್ತವೆ. ಪ್ರವಾಸಿಗಳು ಜೀಪಿನಿಂದ ಮರಿಯ ಫೋಟೋ ತೆಗೆಯುತ್ತಾರೆ. ನಾನು ತಾಯಿಯದ್ದು ತೆಗೆಯುತ್ತೇನೆ. ಕಣ್ಣಿನ ಮೇಲಿನ ಗುಳಿ ಎಷ್ಟು ಆಳ, ಪಕ್ಕೆಲುಬು ಕಾಣುತ್ತಿದೆಯಾ, ಬೆನ್ನುಮೂಳೆ, ಸೊಂಟದ ಮೂಳೆ ಎದ್ದಿದೆಯಾ ನೋಡಿ ಅಂಕ ಹಾಕುತ್ತೇನೆ. ಅದು ಅತ್ತ ಸರಿದ ಮೇಲೆ ಬಿಸಿ ಆರುವ ಮುಂಚೆ ಲದ್ದಿ ಡಬ್ಬಿಗೆ ತುಂಬುತ್ತೇನೆ.

ಹಾಲು ಕೊಡುವ ತಾಯಿ ಯಾವ ತಿಂಗಳಿನಿಂದ ತನ್ನ ಮೈ ಕರಗಿಸಲು ಶುರುಮಾಡುತ್ತಾಳೆ, ಮಳೆ ಎಷ್ಟು ತಡವಾದರೆ ಹಾಲು ಕಮ್ಮಿಯಾಗುತ್ತದೆ? ನನಗೆ ಬೇಕಿರುವುದು ಇದು. ಡಬ್ಬಿಗಳು ಲ್ಯಾಬಿನ ಡೀಪ್ ಫ್ರೀಜರಿನಲ್ಲಿ ಕೂತಿವೆ. ಹಾರ್ಮೋನ್ ಅಳೆಯುವ ಕಿಟ್ ಬರಬೇಕು, ಅದಕ್ಕೆ ಮೊದಲು ಬಿಲ್ ಪಾಸಾಗಬೇಕು. ಅಲ್ಲಿಯೂ ಫೈಲ್ ನೋಡುವವರು ಕೇಳಿದ್ದು ಅದೇ ಪ್ರಶ್ನೆ. ಸಹಿ ಬೇಕಿತ್ತು, ತಲೆ ಆಡಿಸಿ ಬಂದೆ.