ಹೊಸ ನೌಕರಿ ಬೇಗ ಬಿಡುವ ಮುನ್ನ ರಾಜೀನಾಮೆ ಪತ್ರದ ಆ ಒಂದು ಸಾಲು ನೋಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಇದು ಪ್ರತಿ ನೇಮಕಾತಿಯಲ್ಲೂ ಆಗುತ್ತದೆ. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿ ಎಂಟು ತಿಂಗಳಾಗಿರುತ್ತದೆ. ಅಷ್ಟರಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಸ್ಥಳೀಯ ವೃಂದದ ಆಯ್ಕೆಪಟ್ಟಿ ಬಂದು ಊರ ಹತ್ತಿರವೇ ಕೆಲಸ ಸಿಗುತ್ತದೆ. ಆ ಖುಷಿಯಲ್ಲಿ ಒಂದು ಹಾಳೆ ಮೇಲೆ ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ’ ಎಂದು ಬರೆದು ಕೊಟ್ಟು ಬಸ್ಸು ಹತ್ತುತ್ತಾರೆ. ಮುಂದೆ ತೊಂದರೆ ಕೊಡುವುದು ಆ ಸಾಲೇ.

ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 252ರ ಪ್ರಕಾರ ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ನಷ್ಟ. ಆದರೆ ಸರಿಯಾದ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವುದನ್ನು 252(ಬಿ) ರಾಜೀನಾಮೆ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಪತ್ರದಲ್ಲಿ ಹೀಗೆ ಬರೆಯಿರಿ: ‘ಇಂಥ ದಿನಾಂಕದ ನಿರಾಕ್ಷೇಪಣಾ ಪತ್ರದ ಮೇರೆಗೆ ಅರ್ಜಿ ಸಲ್ಲಿಸಿ ಆಯ್ಕೆಯಾದ ಇಂಥ ಹುದ್ದೆಗೆ ವರದಿ ಮಾಡಿಕೊಳ್ಳಲು, ನಿಯಮ 252(ಬಿ) ಅನ್ವಯ ಬಿಡುಗಡೆ ಕೋರುತ್ತೇನೆ.’ ಬಿಡುಗಡೆ ಆದೇಶದಲ್ಲೂ ಇದೇ ನಿಯಮದ ಉಲ್ಲೇಖ ಬಂದಿದೆಯೇ ಎಂದು ಅಲ್ಲೇ ನಿಂತು ಓದಿ. ಇಲ್ಲದಿದ್ದರೆ ಅಂದೇ ತಿದ್ದುಪಡಿ ಕೇಳಿ. ಐದು ವರ್ಷದ ನಂತರ ಆ ಕಡತ ಹುಡುಕಿಕೊಡುವವರು ಯಾರೂ ಇರುವುದಿಲ್ಲ.

ಮೊದಲ ನೌಕರಿಗೆ ಸೇರುವ ಮೊದಲೇ ಎರಡನೆಯದಕ್ಕೆ ಅರ್ಜಿ ಹಾಕಿದ್ದರೆ ನಿರಾಕ್ಷೇಪಣಾ ಪತ್ರ ಇರಲು ಸಾಧ್ಯವಿಲ್ಲ. ಹಾಗಿದ್ದಾಗ ಸೇರಿದ ವಾರದಲ್ಲೇ ಯಾವ್ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಎಂದು ಕಚೇರಿಗೆ ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಿಡುಗಡೆಗೂ ಹೊಸ ಕಡೆ ವರದಿ ಮಾಡಿಕೊಳ್ಳುವುದಕ್ಕೂ ನಡುವೆ ಹಬ್ಬ, ಮದುವೆ ಎಂದು ಖಾಲಿ ದಿನ ಬಿಡಬೇಡಿ. ಮಂಜೂರಾದ ರಜೆಯಾಗಲಿ ಸೇರಿಕೆ ಕಾಲವಾಗಲಿ (ಹೊಸ ಕಡೆ ಸೇರಲು ನಿಯಮದಂತೆ ಕೊಡುವ ದಿನಗಳು) ಇಲ್ಲದ ಅಂತರ ಸೇವೆಯ ಕೊಂಡಿಯನ್ನೇ ಕಡಿಯಬಹುದು.

ಇದಕ್ಕಿಂತ ಕಠಿಣವಾದದ್ದು ಇನ್ನೊಂದು. ಹಳೆಯ ಇಲಾಖೆಯಲ್ಲಿ ಎಂಟು ವರ್ಷ ದುಡಿದು, ಸರಿಯಾಗಿಯೇ ಬಿಡುಗಡೆಯಾಗಿ ಹೊಸ ಹುದ್ದೆಗೆ ಬಂದವರು ಅಲ್ಲಿ ಒಗ್ಗದೆ ಆರು ತಿಂಗಳಿಗೇ ಬಿಟ್ಟರೆ ಏನಾಗುತ್ತದೆ? ಆ ಎಂಟು ವರ್ಷ ಈಗ ಹೊಸ ಸೇವೆಯ ಜೊತೆ ಒಂದೇ ಸರಪಳಿ. ಇಲ್ಲಿ ಬರೀ ರಾಜೀನಾಮೆ ಕೊಟ್ಟರೆ ಅದೂ ಜೊತೆಗೇ ಹೋಗುತ್ತದೆ. ನಿವೃತ್ತಿ ಉಪದಾನಕ್ಕೆ (ಗ್ರಾಚ್ಯುಟಿ) ಕನಿಷ್ಠ ಐದು ವರ್ಷದ ಅರ್ಹ ಸೇವೆ ಬೇಕು. ಎಂಟು ವರ್ಷ ಮಾಡಿದವರೂ ಈ ದಾರಿಯಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಹಳೆಯ ಪಿಂಚಣಿ ಯೋಜನೆಯಲ್ಲಿರುವವರಿಗಂತೂ ಪಿಂಚಣಿಯೇ ಹೋಗುತ್ತದೆ. ಹಳೆಯ ಹುದ್ದೆ ಕಾಯಂ ಆಗಿದ್ದರೆ, ಹೊರಡುವಾಗಲೇ ಲೀನ್ (ಆ ಹುದ್ದೆಗೆ ಮರಳುವ ಹಕ್ಕು) ಉಳಿಸಿಕೊಡುವಂತೆ ಲಿಖಿತವಾಗಿ ಕೇಳಿ, ಅದರ ಅವಧಿ ಮುಗಿಯುವ ಮೊದಲೇ ಮರಳಬೇಕು. ಪ್ರೊಬೇಷನ್‌ನಲ್ಲಿ ಇದ್ದವರಿಗೆ ಲೀನ್ ಇರುವುದಿಲ್ಲ. ಯಾರಿಗೂ ಹೇಳದೆ ಮನೆಯಲ್ಲಿ ಕೂರುವುದಂತೂ ಬೇಡವೇ ಬೇಡ. ಅದು ಅನಧಿಕೃತ ಗೈರುಹಾಜರಿಯಾಗಿ ಇಲಾಖಾ ವಿಚಾರಣೆಗೆ ಹೋಗುತ್ತದೆ.

2006ರ ಏಪ್ರಿಲ್ 1ರಿಂದ ಈಚೆಗೆ ನೇಮಕವಾದ ರಾಜ್ಯ ನೌಕರರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ದುಡ್ಡಿನ ಮಾತು ಬೇರೆ. ಅದು ನಿಮ್ಮ 12 ಅಂಕಿಯ ಪ್ರಾನ್ (ಕಾಯಂ ಪಿಂಚಣಿ ಖಾತೆ ಸಂಖ್ಯೆ) ಖಾತೆಯಲ್ಲೇ ಇರುತ್ತದೆ, ಸರ್ಕಾರದ ವಂತಿಗೆಯೂ ಸೇರಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 40,000 ರೂಪಾಯಿ ಇದ್ದರೆ ನಿಮ್ಮದು ಶೇ 10ರಂತೆ 4,000, ಸರ್ಕಾರದ್ದು ಶೇ 14ರಂತೆ 5,600, ಒಟ್ಟು ತಿಂಗಳಿಗೆ 9,600. ಎಂಟು ತಿಂಗಳಿಗೆ 76,800. ಇನ್ನೊಂದು ಸರ್ಕಾರಿ ನೌಕರಿಗೆ ಹೋಗುವವರು ಇದನ್ನು ತೆಗೆಯಲೇಬಾರದು. ನಿವೃತ್ತಿಗೆ ಮೊದಲು ಪೂರ್ತಿ ಹೊರಬಂದರೆ ಶೇ 80ರಷ್ಟನ್ನು ವರ್ಷಾಶನಕ್ಕೆ (ನಿಯತವಾಗಿ ಪಿಂಚಣಿ ಕೊಡುವ ವಿಮಾ ಯೋಜನೆ) ಹಾಕಬೇಕು, ಕೈಗೆ ಬರುವುದು ಶೇ 20. ಮೊತ್ತ 10 ಲಕ್ಷ ಎಂದಿಟ್ಟುಕೊಂಡರೆ ಕೈಗೆ 2 ಲಕ್ಷ ಮಾತ್ರ. ಉಳಿದ 8 ಲಕ್ಷಕ್ಕೆ ವರ್ಷಕ್ಕೆ ಶೇ 6ರ ದರ ಹಿಡಿದರೆ ತಿಂಗಳಿಗೆ 4,000 ಬರುತ್ತದೆ. ಸಣ್ಣ ಮೊತ್ತಕ್ಕೆ ಪೂರ್ತಿ ತೆಗೆಯುವ ಅವಕಾಶವಿದೆ. ಆ ಮಿತಿ ಬದಲಾಗುವಂಥದ್ದು, ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಿ.

ಹೊಸ ಕಚೇರಿಯಲ್ಲಿ ಸಂಬಳ ಬೇಗ ಆಗಲಿ ಎಂದು ಕೆಲವರು ಹೊಸ ಪ್ರಾನ್‌ಗೆ ಅರ್ಜಿ ಹಾಕಿಬಿಡುತ್ತಾರೆ. ಒಬ್ಬರಿಗೆ ಒಂದೇ ಪ್ರಾನ್. ಎರಡಾದರೆ ದುಡ್ಡು ಎರಡು ಕಡೆ ಹರಿದು, ಒಂದುಗೂಡಿಸಲು ತಿಂಗಳುಗಟ್ಟಲೆ ಓಡಾಟ. ಹಳೆಯ ಪ್ರಾನ್, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ನಂಬರು, ಎಲ್‌ಪಿಸಿ (ಕೊನೆಯ ವೇತನ ಪ್ರಮಾಣಪತ್ರ) ಈ ಮೂರನ್ನೂ ಮೊದಲ ದಿನವೇ ಹೊಸ ಕಚೇರಿಯಲ್ಲಿ ಸಂಬಳದ ಬಿಲ್ಲು ಮಾಡುವ ಡಿಡಿಒ ಕೈಗೆ ಕೊಡಿ. ರಾಜ್ಯದಿಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋದರೂ ಪ್ರಾನ್ ಅದೇ, ಆದರೆ ವಲಯ ಬದಲಾವಣೆಯ ಐಎಸ್‌ಎಸ್ ನಮೂನೆ ತುಂಬಬೇಕು. ಎರಡು ತಿಂಗಳ ನಂತರ ಖಾತೆ ತೆರೆದು, ಹಳೆಯ ಕಚೇರಿಯ ಕೊನೆಯ ತಿಂಗಳ ವಂತಿಗೆ ಜಮಾ ಆಗಿದೆಯೇ ನೋಡಿ. ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

ಸಾರಿಗೆ ನಿಗಮದಂಥ ಕಡೆ ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಇದ್ದವರ ಲೆಕ್ಕ ಬೇರೆ. ಹತ್ತು ವರ್ಷಕ್ಕೆ ಮೊದಲು ಬಿಟ್ಟರೆ ಮಾಸಿಕ ಪಿಂಚಣಿ ಇಲ್ಲ. 10ಸಿ ನಮೂನೆಯಲ್ಲಿ ಹಣ ತೆಗೆಯಬಹುದು, ಇಲ್ಲವೇ ಸ್ಕೀಮ್ ಸರ್ಟಿಫಿಕೇಟ್ ಪಡೆಯಬಹುದು. ಮುಂದೆ ಎಂದಾದರೂ ಪಿಎಫ್ ಇರುವ ಕೆಲಸಕ್ಕೆ ಹೋಗುವ ಸಾಧ್ಯತೆ ಇದ್ದರೆ ಸರ್ಟಿಫಿಕೇಟೇ ಮೇಲು, ಮಾಡಿದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ. ಹಣ ತೆಗೆದರೆ ಆ ವರ್ಷಗಳೂ ಹೋದಂತೆ.

ಈಗಾಗಲೇ ‘ವೈಯಕ್ತಿಕ ಕಾರಣ’ ಎಂದು ಬರೆದು ಕೊಟ್ಟಿದ್ದೀರಾ? ರಾಜೀನಾಮೆ ಇನ್ನೂ ಅಂಗೀಕಾರವಾಗಿಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಹಿಂಪಡೆಯುವ ಪತ್ರ ಕೊಟ್ಟು, ಸರಿಯಾದ ಪತ್ರ ಒಪ್ಪಿಸಿ.