ರೋಮನ್ ಹುರುಪೆ ಕವಚ: 11ನೇ ಸಾಲಿನವರೆಗೆ

ಭಾನುವಾರ ರಾತ್ರಿ 11ನೇ ಸಾಲು ಹೊಲಿದು ಮುಗಿಯಿತು. ಒಟ್ಟು 18 ಸಾಲು ಆಗಬೇಕು. ಈಗ ತುಂಡು 30 ಸೆಂ.ಮೀ. ಅಗಲ, ಹದಿನೆಂಟೂವರೆ ಸೆಂ.ಮೀ. ಉದ್ದ ಇದೆ. ಅಡುಗೆಮನೆಯ ತಕ್ಕಡಿ ಮೇಲಿಟ್ಟರೆ 490 ಗ್ರಾಂ. ಎತ್ತಿ ಹಿಡಿದರೆ ದಪ್ಪ ಕಂಬಳಿಯ ಹಾಗೆ ಜೋಲುತ್ತದೆ. ಅಲ್ಲಾಡಿಸಿದರೆ ತರಗೆಲೆ ತುಳಿದಂಥ ಸದ್ದು ಬರುತ್ತದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಮಾಡುತ್ತಿರುವುದು ಪೂರ್ತಿ ಅಂಗಿಯಲ್ಲ, ಎದೆಯ ಭಾಗದ ಒಂದು ಚೌಕ ಮಾತ್ರ. ಇಂಥ ಕವಚವನ್ನು ಇವತ್ತು ಲೋರಿಕಾ ಸ್ಕ್ವಾಮಾಟಾ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಸ್ಕ್ವಾಮಾ ಅಂದರೆ ಮೀನಿನ ಹುರುಪೆ. ಹೆಸರಿಗೆ ತಕ್ಕ ಹಾಗೆಯೇ ಇದೆ: ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಲೋಹದ ಬಿಲ್ಲೆಗಳು, ಒಂದರ ಮೇಲೊಂದು.

ಇದನ್ನೇ ಯಾಕೆ ಆರಿಸಿಕೊಂಡೆ? ಲಾಂಜಿನಸ್‌ನಿಂದಾಗಿ. ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ 1928ರಲ್ಲಿ ಒಂದು ಸಮಾಧಿಗಲ್ಲು ಸಿಕ್ಕಿತು. ಲಾಂಜಿನಸ್ ಸ್ಡಪೆಝೆ ಎಂಬ ಕುದುರೆ ಸವಾರನ ಕಲ್ಲು ಅದು. ರೋಮನ್ ಸೇನೆಯ ಥ್ರೇಸಿಯನ್ನರ ಮೊದಲನೇ ಅಶ್ವದಳದಲ್ಲಿದ್ದವನು, ಇಮ್ಮಡಿ ಸಂಬಳದ ಹುದ್ದೆ. ಇಂದಿನ ಬಲ್ಗೇರಿಯಾದ ಸೋಫಿಯಾ ಕಡೆಯಿಂದ ಬಂದು, 15 ವರ್ಷ ಸೇವೆ ಮಾಡಿ, 40ನೇ ವಯಸ್ಸಿಗೆ ಬ್ರಿಟನ್ನಿನಲ್ಲಿ ತೀರಿಕೊಂಡ. ಕಲ್ಲಿನಲ್ಲಿ ಅವನು ಕುದುರೆ ಮೇಲೆ ಕೂತಿದ್ದಾನೆ, ಮೈಮೇಲೆ ಹುರುಪೆ ಕವಚ. ಶಿಲ್ಪಿ ಒಂದೊಂದೇ ಹುರುಪೆಯನ್ನು ಕೆತ್ತಿದ್ದಾನೆ. ಸಿಕ್ಕಾಗ ಅವನ ಮುಖ ಇರಲಿಲ್ಲ. ಬ್ರಿಟನ್ನಿನ ಬೂಡಿಕಾ ರಾಣಿ ರೋಮನ್ನರ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಒಡೆದಿರಬೇಕು ಎಂದು ಬಹಳ ಕಾಲ ನಂಬಿದ್ದರು. 1996ರಲ್ಲಿ ಅದೇ ಜಾಗದಲ್ಲಿ ಮತ್ತೆ ಅಗೆದಾಗ ಮುಖ ಸಿಕ್ಕಿತು. ಹಾಗಾಗಿ ದಂಗೆಯ ಕಥೆಗೆ ಈಗ ಬಲವಿಲ್ಲ, 1928ರಲ್ಲಿ ಅಗೆಯುವಾಗಲೇ ಒಡೆದಿರಬಹುದು ಅನ್ನುತ್ತಾರೆ. ಆ ಮುಖ ಜೋಡಿಸಿದ ಮೇಲಿನ ಫೋಟೋ ನನ್ನ ಮೇಜಿನ ಎದುರಿಗಿದೆ.

ಆದರೆ ಕಲ್ಲಿನಲ್ಲಿ ಹೊರಗಿನ ನೋಟ ಮಾತ್ರ ಕಾಣುತ್ತದೆ, ಒಳಗಿನ ಹೊಲಿಗೆ ಕಾಣುವುದಿಲ್ಲ. ಮಣ್ಣಿನಲ್ಲಿ ಸಿಗುವುದು ಕೂಡ ಹೆಚ್ಚಾಗಿ ಬಿಡಿ ಹುರುಪೆಗಳೇ. ಸ್ಕಾಟ್ಲೆಂಡಿನ ನ್ಯೂಸ್ಟೆಡ್ ಕೋಟೆಯಲ್ಲಿ ಜೇಮ್ಸ್ ಕರ್ಲ್ 1905ರಿಂದ 1910ರವರೆಗೆ ಅಗೆದಾಗ, ಒಂದು ಬಾವಿಯಿಂದಲೇ 300ಕ್ಕೂ ಹೆಚ್ಚು ಹಿತ್ತಾಳೆ ಹುರುಪೆಗಳು ಬಂದವು. ಲೋಹ ಉಳಿಯುತ್ತದೆ, ಅದನ್ನು ಹಿಡಿದಿಟ್ಟಿದ್ದ ಬಟ್ಟೆ, ದಾರ ಕೊಳೆತು ಹೋಗುತ್ತವೆ. ಹಾರದ ಮಣಿಗಳು ಸಿಕ್ಕಿ ಪೋಣಿಸಿದ ದಾರವೇ ಸಿಗದ ಹಾಗೆ.

ಅದಕ್ಕೇ ಕಾರ್ಪೋ ತುಂಡಿಗೆ ಅಷ್ಟು ಬೆಲೆ. ಸ್ಕಾಟ್ಲೆಂಡಿನ ಟೇ ನದಿಯ ದಡದಲ್ಲಿ, ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ದಂಡಯಾತ್ರೆ ಕಾಲದ ಕಾರ್ಪೋ ಕೋಟೆ ಇದೆ. ಅಲ್ಲಿ ಸಿಕ್ಕ ಕವಚದ ತುಂಡಿನಲ್ಲಿ ಹಿಂಬದಿಯ ಲಿನನ್ ಬಟ್ಟೆ, ದಾರ ಎರಡೂ ಉಳಿದಿದ್ದವು. ನನ್ನ ಕೆಲಸಕ್ಕೆಲ್ಲ ಆಧಾರ ಅದೇ.

ಈಗ ಕೆಲಸದ ವಿಷಯ. ಹಿತ್ತಾಳೆ ತಗಡು 0.5 ಮಿ.ಮೀ. ದಪ್ಪದ್ದು. ಸಿಕ್ಕಿರುವ ಅಸಲಿ ಹುರುಪೆಗಳೂ ಹೆಚ್ಚಾಗಿ 0.5ರಿಂದ 0.8 ಮಿ.ಮೀ. ದಪ್ಪ ಇರುತ್ತವೆ. ನನ್ನ ಹುರುಪೆ 15 ಮಿ.ಮೀ. ಅಗಲ, 25 ಮಿ.ಮೀ. ಉದ್ದ, ತಳ ದುಂಡಗೆ. ಸಾಲಿಗೆ 25. ಪ್ರತಿಯೊಂದಕ್ಕೂ 6 ತೂತು: ಎಡಕ್ಕೆ ಎರಡು, ಬಲಕ್ಕೆ ಎರಡು, ಮೇಲೆ ಎರಡು. ಅಂದರೆ ಇಲ್ಲಿಯವರೆಗೆ 275 ಹುರುಪೆ, 1650 ತೂತು. ಡ್ರಿಲ್ ಬಳಸಿಲ್ಲ. ಮರದ ದಿಮ್ಮಿ ಮೇಲಿಟ್ಟು ಚೂಪು ಮಾಡಿದ ಉಕ್ಕಿನ ಮೊಳೆಯಿಂದ ಹೊಡೆದಿದ್ದೇನೆ.

ಮೊದಲು ಅಕ್ಕಪಕ್ಕದ ಹುರುಪೆಗಳನ್ನು ತಂತಿಯಿಂದ ಕಟ್ಟಿ ಒಂದು ಸಾಲು ಮಾಡಿಕೊಳ್ಳಬೇಕು. ಒಂದರ ಅಂಚು ಇನ್ನೊಂದರ ಮೇಲೆ 3 ಮಿ.ಮೀ. ಕೂರುತ್ತದೆ, ತೂತಿಗೆ ತೂತು ಸೇರುತ್ತದೆ. ತಂತಿ ತುಂಡನ್ನು ಮುಂದಿನಿಂದ ತೂರಿಸಿ ಹಿಂದೆ ಮಡಚಬೇಕು. ತಂತಿಯನ್ನು ಮೊದಲು ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವ ತನಕ ಕಾಯಿಸಿಕೊಳ್ಳಿ. ಇಲ್ಲದಿದ್ದರೆ ಮಡಚುವಾಗ ಪಟ್ ಅಂತ ಮುರಿಯುತ್ತದೆ. ಹಿತ್ತಾಳೆಯನ್ನು ಬಡಿದಷ್ಟೂ ಬಗ್ಗಿಸಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ.

ಆಮೇಲೆ ಸಾಲನ್ನು ಎರಡು ಪದರದ ಲಿನನ್ ಬಟ್ಟೆಗೆ ಹೊಲಿಯುವುದು. ಕೆಳಗಿನಿಂದ ಶುರು ಮಾಡಬೇಕು, ಸೂರಿನ ಕಡೆಯಿಂದ ಮೇಲಕ್ಕೆ ಹೆಂಚು ಹೊದಿಸಿದ ಹಾಗೆ. ಮೇಲಿನ ಸಾಲು ಕೆಳಗಿನ ಸಾಲಿನ ತೂತು, ಹೊಲಿಗೆ ಎಲ್ಲವನ್ನೂ ಮುಚ್ಚುತ್ತದೆ. ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಎರಡು ಪದರ ಲೋಹ ಇರುತ್ತದೆ.

ಹೇಳಲೇಬೇಕಾದ್ದು 4ನೇ ಸಾಲಿನ ಕಥೆ. ಆಗ ನಾನು ಮೇಲಿನ ಎರಡು ತೂತಿನಲ್ಲಿ ಗುಂಡಿ ಹಚ್ಚುವ ಹಾಗೆ ಸುಮ್ನೆ ದಾರ ಹಾಕಿ ಹೊಲಿಯುತ್ತಿದ್ದೆ. ನಾಲ್ಕು ಸಾಲು ಮುಗಿದ ಮೇಲೆ ತುಂಡನ್ನು ಮೊಣಕಾಲಿನ ಮೇಲೆ ಹಾಕಿ ಬಗ್ಗಿಸಿದೆ. ಟಕ್ ಎಂದು ಒಂದು ಸದ್ದು. ಆಮೇಲೆ ಇನ್ನೆರಡು. ಮೂರು ಕಡೆ ದಾರ ತುಂಡಾಗಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಉಳಿದ ಕಡೆಯೂ ದಾರದ ನಾರು ಎದ್ದು, ತೂತಿನ ಅಂಚಿನಲ್ಲಿ ಅರ್ಧಕ್ಕೆ ಸವೆದಿತ್ತು. ಮೊಳೆಯಿಂದ ಹೊಡೆದ ತೂತಿಗೆ ಹಿಂಬದಿಯಲ್ಲಿ ಬ್ಲೇಡಿನಂಥ ಅಂಚು ಏಳುತ್ತದೆ. ದಾರ ಅದರ ಮೇಲೆಯೇ ಹಿಂದೆಮುಂದೆ ಉಜ್ಜುತ್ತಿತ್ತು.

ಅಂಚುಗಳನ್ನು ಸುತ್ತಿಗೆಯಿಂದ ತಟ್ಟಿ, ಸಣ್ಣ ಅರದಿಂದ ಉಜ್ಜಿದೆ. ಸ್ವಲ್ಪ ವಾಸಿ ಆಯಿತು. ಆದರೂ ನೂರು ಸಲ ಮಡಚಿ ಬಿಡಿಸುವಷ್ಟರಲ್ಲಿ ಮತ್ತೆ ಎರಡು ಕಡೆ ಹರಿಯಿತು. ಆಗ ಕಾರ್ಪೋ ತುಂಡಿನ ವಿವರಕ್ಕೆ ವಾಪಸ್ ಹೋದೆ. ಅದರಲ್ಲಿ ಪ್ರತಿ ಸಾಲಿನ ಮೇಲಂಚಿನ ಉದ್ದಕ್ಕೂ ಒಂದು ಹುರಿ ಮಲಗಿಸಿದ್ದಾರೆ. ಹೊಲಿಗೆ ದಾರ ಬಟ್ಟೆಯಿಂದ ತೂತಿನ ಮೂಲಕ ಮೇಲೆ ಬಂದು, ಆ ಹುರಿಯನ್ನು ಸುತ್ತಿ, ಮತ್ತೆ ಬಟ್ಟೆಗೆ ಇಳಿಯುತ್ತದೆ. ಇದನ್ನು ನಾನು ಮೊದಲೇ ಓದಿದ್ದೆ. ಸಾಲು ನೇರವಾಗಿ ಬರಲಿ ಅಂತ ಹಾಕಿರಬೇಕು ಎಂದುಕೊಂಡು ಬಿಟ್ಟುಬಿಟ್ಟಿದ್ದೆ.

ನಾಲ್ಕೂ ಸಾಲು ಬಿಚ್ಚಿದೆ. ಲಿನನ್ ದಾರವನ್ನು ಆರು ಎಳೆ ಸೇರಿಸಿ ಹೊಸೆದು, ಜೇನುಮೇಣ ಹಚ್ಚಿ, ಹುರಿ ಮಾಡಿಕೊಂಡೆ. ಅದನ್ನು ತೂತುಗಳ ಮೇಲೆ ಮಲಗಿಸಿ ಹೊಲಿದೆ. ಮೊದಲನೇ ಸಾಲಿನಲ್ಲೇ ವ್ಯತ್ಯಾಸ ಕೈಗೆ ಗೊತ್ತಾಯಿತು. ಈಗ ಎಳೆತ ಬೀಳುವುದು ಮೆತ್ತಗಿನ ಹುರಿಯ ಮೇಲೆ. ಅದು ಆ ಭಾರವನ್ನು ಸಾಲಿನ ಉದ್ದಕ್ಕೂ ಹಂಚುತ್ತದೆ. ಒಂದು ಹೊಲಿಗೆ ಹೋದರೂ ಅಕ್ಕಪಕ್ಕದ ಹೊಲಿಗೆಗಳು ಹುರಿಯನ್ನು ಹಿಡಿದಿರುತ್ತವೆ, ಹುರುಪೆ ಬೀಳುವುದಿಲ್ಲ. ಇನ್ನೊಂದು ಲಾಭವೂ ಕಂಡಿತು. ಹುರಿಯ ದಪ್ಪದಿಂದ ಮೇಲಿನ ಸಾಲು ತುಸು ಎತ್ತರಕ್ಕೆ ಕೂತು, ಕೆಳಗಿನ ಹುರುಪೆಗಳನ್ನು ಗೀಚದೆ ಜಾರುತ್ತದೆ. ಬೇರೆ ಪಟ್ಟಿ ಮಾಡಿ 500 ಸಲ ಮಡಚಿದೆ. ಒಂದು ಎಳೆಯೂ ಹರಿಯಲಿಲ್ಲ.

ಇದನ್ನು ಮೊದಲು ಕಂಡುಕೊಂಡವನು ಯಾರೋ, ಅವನ ದಾರವೂ ಹೀಗೇ ಹರಿದಿರಬೇಕು ಅಲ್ವಾ? ಸಾಲು ಹೊಲಿಯುವಾಗೆಲ್ಲ ನನಗೆ ಆ ಕೈಗಳದ್ದೇ ಯೋಚನೆ.

8ನೇ ಸಾಲಿನಲ್ಲಿ ಬಣ್ಣದ ಪ್ರಯೋಗ ಮಾಡಿದೆ. ಒಂದು ಬಿಟ್ಟು ಒಂದು ಹುರುಪೆಗೆ ತವರ ಹಚ್ಚಿದ ಅಸಲಿ ತುಂಡೊಂದು ಸಿಕ್ಕಿದೆ. ಚಿನ್ನದ ಬಣ್ಣ, ಬೆಳ್ಳಿ ಬಣ್ಣ, ಮತ್ತೆ ಚಿನ್ನ. ಹಿತ್ತಾಳೆಗೆ ತವರ ಅಂದರೆ ನಮ್ಮ ಕಲಾಯಿಯೇ ತಾನೆ? ಊರಿನಲ್ಲಿ ಈಗಲೂ ಪಾತ್ರೆಗೆ ಕಲಾಯಿ ಹಾಕುವ ಹಿರಿಯರೊಬ್ಬರಿದ್ದಾರೆ. 13 ಹುರುಪೆ ಒಯ್ದು ಅವರ ಮುಂದಿಟ್ಟೆ. ಅವರು ಒಂದನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದೇನು ತಮ್ಮಾ, ಕುದುರೆಗೆ ಕಟ್ಟೋದಾ?"

"ಕುದುರೆ ಮೇಲೆ ಕೂರೋನಿಗೆ, ಅಜ್ಜ. ಎರಡು ಸಾವಿರ ವರ್ಷದ ಹಿಂದಿನ ರೋಮ್ ದೇಶದ್ದು."

"ಇಷ್ಟು ಚಿಕ್ಕದನ್ನ ಒಂದೊಂದೇ ಬೆಂಕಿಗೆ ಹಿಡಿಯೋಕೆ ಆಗಲ್ಲ. ಕತ್ತರಿಸೋ ಮೊದಲೇ ತಗಡು ತಂದುಕೊಡು. ಇಡೀ ತಗಡಿಗೆ ಹಚ್ಚಿಕೊಡ್ತೀನಿ, ಆಮೇಲೆ ಕತ್ತರಿಸ್ಕೋ."

ಮಾರನೇ ದಿನ ತಗಡು ಒಯ್ದೆ. ಇದ್ದಿಲ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದೇ ಎಳೆತಕ್ಕೆ ಒರೆಸಿದರು. ಬಿಳಿ ಹೊಗೆ ಎದ್ದು ಇಳಿಯುವಷ್ಟರಲ್ಲಿ ತಗಡು ಕನ್ನಡಿಯಾಗಿತ್ತು. ಕತ್ತರಿಸುವಾಗ ತವರ ಎಲ್ಲೂ ಎದ್ದು ಬರಲಿಲ್ಲ. ಎರಡು ಬಣ್ಣದ ಆ ಸಾಲು ಬೆಳಕಿಗೆ ಹಿಡಿದರೆ ಎಷ್ಟು ಚೆಂದ ಅಂದರೆ, 12ನೇ ಸಾಲಿನಿಂದ ಮುಂದೆ ಎಲ್ಲವನ್ನೂ ಹಾಗೇ ಮಾಡಲು ತೀರ್ಮಾನಿಸಿದೆ.

ಈ ಕವಚದ ದೊಡ್ಡ ದೋಷವನ್ನೂ ಪರೀಕ್ಷಿಸಿದೆ. ಮೇಲಿನಿಂದ ಬೀಸಿದ ಏಟು ಜಾರಿಹೋಗುತ್ತದೆ. ಆದರೆ ಚೂಪು ಮಾಡಿದ ಬಿದಿರ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದರೆ ಹುರುಪೆ ಎದ್ದು, ಕಡ್ಡಿ ಸೀದಾ ಬಟ್ಟೆಗೆ ತಾಗುತ್ತದೆ. ಕುದುರೆ ಮೇಲಿನವನಿಗೆ ನೆಲದಲ್ಲಿ ನಿಂತವನ ಈಟಿ ಬರುವುದೇ ಕೆಳಗಿನಿಂದ. ಕ್ರಿ.ಶ. 2ನೇ ಶತಮಾನದಲ್ಲಿ ನಾಲ್ಕೂ ಬದಿಗೆ ತಂತಿ ಕಟ್ಟಿದ ಹುರುಪೆಗಳು ಬಂದವು. ಅದರಲ್ಲಿ ಹುರುಪೆ ಏಳುವುದಿಲ್ಲ, ಆದರೆ ಕವಚವೇ ಬಿರುಸಾಗುತ್ತದೆ. ನನ್ನ ತುಂಡು ಮೇಲೆ ಕೆಳಗೆ ಚೆನ್ನಾಗಿ ಬಾಗುತ್ತದೆ, ಅಡ್ಡಕ್ಕೆ ಈಗಲೇ ಸ್ವಲ್ಪ ಬಿಗಿ. ಸವಾರಿಯಲ್ಲಿ ಸೊಂಟ ತಿರುಗಿಸಬೇಕಾದವನಿಗೆ ನಾಲ್ಕೂ ಬದಿಯ ಬಿಗಿ ಕಷ್ಟವೇ ಆಗಿರಬೇಕು ಎಂದು ನನ್ನ ಅನಿಸಿಕೆ.

ತೂಕದ ಲೆಕ್ಕವೂ ಹಾಕಿದೆ. ಚದರ ಮೀಟರಿಗೆ ಎಂಟರಿಂದ ಒಂಬತ್ತು ಕೆ.ಜಿ. ಬರುತ್ತದೆ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ಮೇಲಿನ ಡ್ಯೂರಾ ಯೂರೋಪಸ್ ನೆನಪಾಯಿತು. ಕ್ರಿ.ಶ. 256ರ ಸುಮಾರಿಗೆ ಪರ್ಷಿಯಾದ ಸಸಾನಿಯನ್ನರ ಮುತ್ತಿಗೆಯಲ್ಲಿ ಬಿದ್ದ ರೋಮನ್ ಊರು ಅದು. 1930ರ ದಶಕದ ಉತ್ಖನನದಲ್ಲಿ ಅಲ್ಲಿ ಕುದುರೆಗೇ ಹೊದಿಸುವ ಹುರುಪೆ ಕವಚಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕವು, ಬೆನ್ನಿನ ಮೇಲೆ ಜೀನಿಗೆ ಅಂತ ಬಿಟ್ಟ ಅಂಡಾಕಾರದ ಜಾಗದ ಸಮೇತ. ಸವಾರ, ಅವನ ಕವಚ, ಅದರ ಜೊತೆಗೆ ಇದು. ಆ ಬಿಸಿಲಿನಲ್ಲಿ ಆ ಕುದುರೆ ಹೊತ್ತದ್ದು ಎಷ್ಟು ಎಂಬುದು ನನ್ನ 490 ಗ್ರಾಂ ಕೈಯಲ್ಲಿ ಹಿಡಿದಾಗ ಸ್ವಲ್ಪ ಅಂದಾಜಿಗೆ ಬರುತ್ತದೆ.

ಸದ್ಯದ ಸ್ಥಿತಿ ಹೀಗಿದೆ. 12ನೇ ಸಾಲಿನ 25 ಹುರುಪೆಗಳು ಕತ್ತರಿಸಿ ಆಗಿವೆ, 12ಕ್ಕೆ ಕಲಾಯಿ ಇದೆ, 13 ಬರೀ ಹಿತ್ತಾಳೆ. ತೂತಿನ ಅಂಚು ಉಜ್ಜುವುದು ಬಾಕಿ. ಹುರಿಯೂ ಖಾಲಿಯಾಗಿದೆ, ಮತ್ತೊಂದು ಮೂರು ಮೀಟರ್ ಹೊಸೆಯಬೇಕು. ದಾರ ಮೇಜಿನ ಮೊಳೆಗೆ ಕಟ್ಟಿದ್ದೇನೆ, ಮೇಣ ಕರಗಲು ಇಟ್ಟಿದ್ದೇನೆ.